ಕೈಗೆ ಒಪ್ಪಿದ ಸೈಕಲ್

ಸುರಪುರದ ಗುಡ್ಡದಿಂದ ಸೈಕಲ್ ಮೇಲೆ ಇಳಿಯುವಾಗ ನಾನು ಬಿದ್ದದ್ದು ನಿಜ. ಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆ, ಎಡ ಹೆಗಲಿನ ಮೂಳೆ ಕೂಡಿಕೊಂಡ ಜಾಗದಲ್ಲಿ ಒಂದು ಗಂಟಿದೆ. ಆದರೆ ಹೇಗೆ ಬಿದ್ದೆ ಎನ್ನುವುದು ನೆನಪಿಲ್ಲ. ಸೀತಾಫಲದ ಗಿಡಗಳ ಪಕ್ಕದ ತಿರುವು ನೆನಪಿದೆ. ಅದಾದ ಮೇಲೆ ಆಸ್ಪತ್ರೆಯ ಫ್ಯಾನು ನೆನಪಿದೆ. ನಡುವೆ ಏನೂ ಇಲ್ಲ, ಕತ್ತಲೆ ಕೂಡ ಇಲ್ಲ. ಹರಿದ ಬಟ್ಟೆಯ ಎರಡು ಅಂಚು ಸೇರಿಸಿ ಹೊಲಿದಂತೆ, ಆ ತಿರುವಿಗೆ ಫ್ಯಾನು ಅಂಟಿಕೊಂಡಿದೆ.

ನಡುವಿನ ಭಾಗ ನನಗೆ ಸಿಕ್ಕಿದ್ದು ಗೆಳೆಯನಿಂದ. ಅವನು ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಶಾಲೆಯ ದಿನಗಳಿಂದ ಜೊತೆಗಿರುವವನು, ಅವತ್ತು ನನ್ನ ಹಿಂದೆಯೇ ಗುಡ್ಡ ಇಳಿಯುತ್ತಿದ್ದವನು. ನನ್ನನ್ನು ನೋಡಲು ಬಂದು, ಮಂಚದ ಪಕ್ಕ ಕೂತು, ನನಗಾಗಿ ತಂದ ಮೋಸಂಬಿಯನ್ನು ತಾನೇ ಸುಲಿದು ತಿನ್ನುತ್ತ ಹೇಳಿದ.

"ಏನಾಗಿತ್ತೋ ಮಾಸ್ತರ ನಿನಗ? ಎರಡೂ ಕೈ ಬಿಟ್ಟೆಲ್ಲೋ!"

"ಎಲ್ಲಿ ಬಿಟ್ಟೆ?"

"ಹ್ಯಾಂಡಲ್ ಬಿಟ್ಟಿ. ನಾ ಕಣ್ಣಿಲೆ ನೋಡೀನಿ. ಎರಡೂ ಕೈ ಮ್ಯಾಲ. ಭಾಷಣದಾಗ ಕೈ ಎತ್ತಿದಂಗ."

ಅವನು ನಗುತ್ತಿದ್ದ, ನಾನು ಬದುಕಿ ಉಳಿದೆನಲ್ಲ ಎಂಬ ಸಮಾಧಾನಕ್ಕೆ. ನಾನೂ ನಕ್ಕಿರಬೇಕು. ಅವನು ಹೋದ ಮೇಲೆ ಚಾದರದ ಮೇಲಿದ್ದ ನನ್ನ ಎರಡೂ ಕೈಗಳನ್ನು ನೋಡಿದೆ. ಅವು ಇನ್ನೊಬ್ಬರ ಕೈಗಳಂತೆ ಕಂಡವು.

ನಾನು ಯುನಿವರ್ಸಿಟಿಯಲ್ಲಿ ಇತಿಹಾಸ ಓದಿದವನು, ಈಗ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಒಬ್ಬನೇ ಸಾಕ್ಷಿ ಇದ್ದಾಗ ಅವನು ಎಲ್ಲಿ ನಿಂತಿದ್ದ, ಏನು ಕಾಣಬಲ್ಲವನಾಗಿದ್ದ ಎಂದು ಮೊದಲು ಕೇಳಿರಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುತ್ತೇನೆ. ಗೆಳೆಯನಿಗೆ ಮಾತ್ರ ಅದನ್ನು ಕೇಳಲಿಲ್ಲ. ಕೇಳುವ ಮೊದಲೇ ನಂಬಿಬಿಟ್ಟಿದ್ದೆ. ಬ್ರೇಕ್ ಕೆಟ್ಟಿತ್ತು, ಕಲ್ಲು ಜಾರಿತು ಎಂದಿದ್ದರೆ ಮರೆತುಬಿಡುತ್ತಿದ್ದೆ. ಕೈ ತಾನಾಗಿ ಬಿಟ್ಟಿತು ಎಂದರೆ ಅದು ನಾಳೆಯೂ ಬಿಡಬಹುದು.

ಹೆಂಡತಿ ಭೀಮರಾಯನಗುಡಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬೀಳುವ ಮೊದಲು ದಿನಾ ಬೆಳಿಗ್ಗೆ ನಾನೇ ಮೋಟಾರ್ ಸೈಕಲ್ ಮೇಲೆ ಬಿಟ್ಟು ಬರುತ್ತಿದ್ದೆ. ಮೂಳೆ ಕೂಡಿದ ಮೇಲೆ ಮೊದಲ ದಿನ ಹಾಗೇ ಹೊರಟೆವು. ಕಾಲುವೆಯ ಸೇತುವೆಯ ಮೇಲೆ ಎದುರಿನಿಂದ ಹತ್ತಿಯ ಲಾರಿ ಬಂತು. ಹೆಂಡತಿ ಹಿಂದೆ ಒಂದೇ ಮಗ್ಗುಲಾಗಿ ಕೂತು, ಫೋನಿನಲ್ಲಿ ಯಾರಿಗೋ ಸೊಪ್ಪಿನ ಪಲ್ಯ ಮಾಡುವ ಬಗೆ ಹೇಳುತ್ತಿದ್ದಳು. ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಈಗ ಕೈ ಬಿಟ್ಟರೆ ಎಂದುಕೊಂಡೆ. ಅಷ್ಟೇ. ಲಾರಿ ದಾಟಿ ಹೋಯಿತು, ಅವಳು ಫೋನಿನಲ್ಲಿ ಒಗ್ಗರಣೆಗೆ ಬಂದಿದ್ದಳು, ನನ್ನ ಬೆನ್ನು ಪೂರ್ತಿ ತೊಯ್ದಿತ್ತು. ಅವತ್ತು ಸಂಜೆ ಹೆಗಲು ನೋಯುತ್ತದೆ ಎಂದು ಸುಳ್ಳು ಹೇಳಿದೆ. ಮರುದಿನದಿಂದ ಅವಳು ಟಂಟಂ ಆಟೋ ಹತ್ತಿ ಹೋಗತೊಡಗಿದಳು.

ಕೈಯನ್ನು ಪರೀಕ್ಷೆ ಮಾಡಬೇಕಿತ್ತು. ಅವಳನ್ನು ಹಿಂದೆ ಕೂರಿಸಿಕೊಂಡು ಮಾಡುವ ಪರೀಕ್ಷೆಯಲ್ಲ ಅದು. ಅದೇ ಗುಡ್ಡವನ್ನು ಇನ್ನೊಮ್ಮೆ ಇಳಿಯಬೇಕು, ಬಿದ್ದರೆ ಒಬ್ಬನೇ ಬೀಳಬೇಕು. ಹಳೆಯ ಸೈಕಲ್ ಮುಂದಿನ ಗಾಲಿ ಹಿಡಿಯುವ ಫೋರ್ಕು ಸೊಟ್ಟಗಾಗಿ ಗುಜರಿಗೆ ಹೋಗಿತ್ತು. ಹೊಸದು ಕೊಳ್ಳಲು ಗೆಳೆಯನ ಜೊತೆ ಯಾದಗಿರಿಗೆ ಹೋದೆ.

ನಮ್ಮಲ್ಲಿ ರವಿವಾರ ಸೈಕಲ್ ಹೊಡೆಯುವವರ ಒಂದು ಗುಂಪಿದೆ. ಎಲ್ಲರದೂ ಒಂದೇ ಕಂಪನಿಯ ಸೈಕಲ್. ಮೊದಲು ಒಬ್ಬರು ಕೊಂಡರು, ಅವರನ್ನು ನೋಡಿ ಉಳಿದವರು ಕೊಂಡರು, ಉಳಿದವರನ್ನು ನೋಡಿ ನಾನೂ ಕೊಂಡಿದ್ದೆ. ಬಿದ್ದದ್ದು ಅದರ ಮೇಲಿಂದಲೇ. ಬೋನಾಳ ಕೆರೆಯ ಏರಿಯ ಮೇಲೆ ನಾವು ಸಾಲಾಗಿ ಹೊರಟರೆ ಒಂದೇ ಶಾಲೆಯ ಮಕ್ಕಳ ಹಾಗೆ ಕಾಣುತ್ತಿದ್ದೆವು.

ಅಂಗಡಿಯ ಮಾಲೀಕರು ವಯಸ್ಸಾದವರು, ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ಬಿದ್ದ ಸುದ್ದಿಯನ್ನು ಗೆಳೆಯ ಮೊದಲೇ ಮುಟ್ಟಿಸಿದ್ದ.

"ಬರ್ರಿ ಸರ್, ಕೂಡ್ರಿ. ಬಿದ್ದವರೇ ಮತ್ತ ಹತ್ತೋದು," ಎಂದು ಅದೇ ಕಂಪನಿಯ ಕೆಂಪು ಸೈಕಲನ್ನು ಮುಂದೆ ತಂದು ನಿಲ್ಲಿಸಿದರು. "ಹೊಸಾ ಮಾಡಲ್ ರೀ. ಡಾಕ್ಟರ್ ಮಂದಿ, ಆಫೀಸರ್ ಮಂದಿ, ಎಲ್ಲಾರೂ ಇದನ್ನೇ ಒಯ್ಯಾಕತ್ಯಾರ. ಕಣ್ಣು ಮುಚ್ಚಿ ತೊಗೋರಿ."

ಹತ್ತಿ ಕೂತೆ. ಸೀಟು ಎತ್ತರ, ಹ್ಯಾಂಡಲ್ ದೂರ. ಮೈಯ ಭಾರವೆಲ್ಲ ಮುಂದೆ ಜಾರಿ ಅಂಗೈಗೆ ಬಂತು. ಬ್ರೇಕ್ ಹಿಡಿಯಲು ಬೆರಳು ಚಾಚಿದೆ. ನಿಲುಕಲಿಲ್ಲ. ನನ್ನ ಬೆರಳು ಗಿಡ್ಡ. ಬ್ರೇಕ್ ಮುಟ್ಟಬೇಕೆಂದರೆ ಅಂಗೈಯನ್ನು ರಬ್ಬರಿನಿಂದ ಒಂದಿಷ್ಟು ಎತ್ತಬೇಕು. ಎತ್ತಿದೆ, ಹಿಡಿದೆ. ಮತ್ತೆ ಎತ್ತಿದೆ. ಪ್ರತಿ ಸಲ, ಬಿಗಿಯಾಗಿ ಹಿಡಿಯುವ ಮೊದಲು, ಒಂದು ಕ್ಷಣ ಕೈ ಬಿಡುತ್ತಿತ್ತು. ಅಂಗಡಿಯಲ್ಲಿ ನಿಂತ ಸೈಕಲಿನ ಮೇಲೆ ಕೂತಿದ್ದರೂ ಅಂಗೈ ಬೆವರಿತು. ಹೀಗೇ ಆಗಿತ್ತೇ? ಹಳೆಯದರ ಬ್ರೇಕ್ ಕೂಡ ಇಷ್ಟೇ ದೂರವಿತ್ತೇ? ಎರಡು ವರ್ಷ ಅದರ ಮೇಲೆ ಓಡಾಡಿದವನಿಗೆ ಅದು ನೆನಪಿಗೆ ಬರಲಿಲ್ಲ.

"ಬೇರೆ ತೋರಿಸಿ," ಅಂದೆ.

ಗೋಡೆಯ ಮೂಲೆಯಲ್ಲಿ ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣದ ಒಂದು ಸೈಕಲ್ ಇತ್ತು, ಮೇಲೆ ಧೂಳು. ಕಂಪನಿಯ ಹೆಸರು ನಾನು ಕೇಳಿದ್ದಲ್ಲ. ಫೋನಿನಲ್ಲಿ ಹುಡುಕಿದರೆ ಅದನ್ನು ಹೊಗಳಿದವರೂ ಇಲ್ಲ, ಬೈದವರೂ ಇಲ್ಲ.

"ಅದು ಬ್ಯಾಡ್ರಿ ಸರ್," ಅಂದರು ಚಾಚಾ. "ಅದರ ಹೆಸರ ಯಾರಿಗೂ ಗೊತ್ತಿಲ್ಲ. ನಾನರ ಯಾಕ ತರಿಸಿದ್ನೋ."

ಅದರ ಮೇಲೆ ಕೂತೆ. ಬೆನ್ನು ನೆಟ್ಟಗಾಯಿತು. ಅಂಗೈ ಊರಿದಲ್ಲೇ ಇದ್ದು ಎರಡು ಬೆರಳು ಬ್ರೇಕಿಗೆ ಮುಟ್ಟಿದವು. ಎಷ್ಟೋ ದಿನಗಳಿಂದ ಮುಷ್ಟಿ ಕಟ್ಟಿಕೊಂಡೇ ಇದ್ದೆನೇನೋ ಎನ್ನುವ ಹಾಗೆ ಮಣಿಕಟ್ಟು ಸಡಿಲಾಯಿತು.

ಬ್ರೇಕಿನ ವಿಷಯ ಹೇಳಿದಾಗ ಚಾಚಾ ನಕ್ಕರು. "ಇಷ್ಟೇ ಏನ್ರಿ?" ಎಂದು ಕೆಂಪು ಸೈಕಲಿನ ಬ್ರೇಕಿನ ಸ್ಕ್ರೂ ತಿರುವಿ ಹತ್ತಿರ ತಂದುಕೊಟ್ಟರು. ಈಗ ಅದರ ಬ್ರೇಕೂ ನಿಲುಕುತ್ತಿತ್ತು. ಆದರೂ ಅದರ ಮೇಲೆ ಕೂತಾಗ ಅಂಗೈಯ ಬೆವರು ನಿಲ್ಲಲಿಲ್ಲ. ಇದು ಸೈಕಲಿನ ಗುಣವೋ, ಕೆಂಪು ಬಣ್ಣ ಕಂಡ ಕಣ್ಣಿನ ಹೆದರಿಕೆಯೋ?

ಗೆಳೆಯನ ಕೈಯಲ್ಲಿದ್ದ ಟವೆಲ್ ತೆಗೆದುಕೊಂಡು ಕಣ್ಣಿಗೆ ಕಟ್ಟಿಕೊಂಡೆ. "ಯಾವುದಂತ ಹೇಳದೆ ಒಂದೊಂದರ ಮೇಲೆ ಕೂರಿಸು," ಅಂದೆ.

"ಚಾಚಾ, ನೋಡ್ರಿ ಎಂ.ಎ. ಮಾಡಿದ್ರ ಹಿಂಗ ಆಗತದ," ಅಂದ ಗೆಳೆಯ. ಆದರೂ ಕೈ ಹಿಡಿದು ಕೂರಿಸಿದ. ಇಳಿಸಿದ. ಸುತ್ತು ಹಾಕಿಸಿ ಮತ್ತೆ ಕೂರಿಸಿದ. ಬಾಗಿಲ ಹತ್ತಿರ ಜನ ಸೇರಿದ ಸದ್ದು ಕೇಳುತ್ತಿತ್ತು.

"ಏನ್ ನಡದದ್ರೀ ಇಲ್ಲಿ?" ಅಂತ ಯಾರೋ ಕೇಳಿದರು.

"ಹೆಣ್ಣು ನೋಡೋದು ನಡದದ," ಅಂದ ಗೆಳೆಯ. "ಗಂಡು ಭಾಳ ನಾಚಿಕಿ ಸ್ವಭಾವದವ."

ಎಲ್ಲರೂ ನಕ್ಕರು. ಟವೆಲ್ಲಿನೊಳಗೆ ನನಗೆ ನಗು ಬರಲಿಲ್ಲ. ಒಂದರ ಮೇಲೆ ಅಂಗೈ ಒಣಗಿರುತ್ತಿತ್ತು, ಇನ್ನೊಂದರ ಮೇಲೆ ಕೂತ ಕೂಡಲೇ ಬೆವರುತ್ತಿತ್ತು. ಕೆಂಪು, ಕೆಂಪು, ಇದೂ ಕೆಂಪು ಅಂದೆ. ಮೋಸ ಮಾಡಲೆಂದೇ ಗೆಳೆಯ ಕೊನೆಯ ಮೂರು ಸಲವೂ ಕೆಂಪಿನ ಮೇಲೆಯೇ ಕೂರಿಸಿದ್ದ.

ಟವೆಲ್ ಬಿಚ್ಚಿದ ಮೇಲೂ ಅನುಮಾನ ಹೋಗಲಿಲ್ಲ. ನನ್ನ ಮೈ ಎರಡು ಸೈಕಲ್‌ಗಳ ವ್ಯತ್ಯಾಸ ಗುರುತಿಸಿತು, ಸರಿ. ಯಾವುದು ಒಳ್ಳೆಯದು ಎಂದು ಗುರುತಿಸಿತೋ, ತನ್ನನ್ನು ಕೆಡವಿದ ಸೈಕಲಿನ ಅಳತೆಯನ್ನಷ್ಟೇ ಗುರುತಿಸಿತೋ? ಇದಕ್ಕೆ ಟವೆಲ್ಲಿನಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಹಿಂದಿನ ಇಳಿಜಾರು ಓಣಿಯಲ್ಲಿ ಎರಡನ್ನೂ ಓಡಿಸಿದೆ. ಕೆಂಪು ಹಗುರ, ಹತ್ತುವಾಗ ಹಾರುತ್ತಿತ್ತು. ಇಳಿಯುವಾಗ ಪ್ರತಿ ಕಲ್ಲಿಗೂ ಮುಂದಿನ ಗಾಲಿ ಮಗ್ಗುಲಾಗುತ್ತಿತ್ತು, ಪ್ರತಿ ಸಲ ಹ್ಯಾಂಡಲಿನ ಮೇಲಿಂದ ಹಾರಿಬಿಡುತ್ತೇನೆ ಅನಿಸುತ್ತಿತ್ತು. ಮೂಲೆಯದ್ದು ಭಾರ. ಹತ್ತುವಾಗ ಏದುಸಿರು ಬಂತು. ಇಳಿಯುವಾಗ ಎಮ್ಮೆಯೊಂದು ಅಡ್ಡ ಬಂತು. ಯೋಚಿಸುವ ಮೊದಲೇ ಬೆರಳು ಬ್ರೇಕ್ ಹಿಡಿದಿತ್ತು, ಸೈಕಲ್ ನಿಂತಿತ್ತು, ಎಮ್ಮೆ ನನ್ನನ್ನು ನೋಡಿ ಮುಂದೆ ಹೋಯಿತು. ಕೈ ಹ್ಯಾಂಡಲಿನ ಮೇಲೇ ಇತ್ತು.

"ಇದೇ ಇರಲಿ," ಅಂದೆ.

"ಲೇ, ನಾಳೆ ಗುಂಪಿನಾಗ ಏನಂತಾರ? ಇದನ್ನ ನೋಡಿದ್ರ ಹಾಲು ಹಾಕವ ಬಂದಾನ ಅಂತಾರ," ಅಂದ ಗೆಳೆಯ.

ಅಂದರೆ ಅನ್ನಲಿ. ಗುಡ್ಡದಲ್ಲಿ ಹ್ಯಾಂಡಲ್ ಹಿಡಿಯುವವರು ಅವರಲ್ಲ. ಹೆದರಿಕೆ ಎಲ್ಲಿಂದ ಬಂದದ್ದೇ ಇರಲಿ, ಹೆದರಿದ ಕೈಯನ್ನೇ ಕೇಳಿ ಸೈಕಲ್ ಕೊಳ್ಳಬೇಕಿತ್ತು.

ಮುಂದಿನ ರವಿವಾರ ಬೆಳಿಗ್ಗೆ ಇಬ್ಬರೇ ಸುರಪುರಕ್ಕೆ ಹೋದೆವು. ಸೈಕಲ್‌ಗಳನ್ನು ತಳ್ಳಿಕೊಂಡು ಗುಡ್ಡ ಹತ್ತಿದೆವು. ಬಿದ್ದ ದಿನ ಮೋಡವಿತ್ತು ಎಂದು ನನ್ನ ನೆನಪು. ಗೆಳೆಯ ಬಿಸಿಲು ಸುಡುತ್ತಿತ್ತು ಅಂದ. ಇಷ್ಟೂ ಹೊಂದದಿದ್ದರೆ ಉಳಿದದ್ದರ ಗತಿ ಏನು ಎಂದುಕೊಂಡೆ. ಮೇಲೆ ನಿಂತು ನೋಡಿದರೆ ಟ್ರ್ಯಾಕ್ಟರ್ ಓಡಾಡಿ ಕೊರೆದ ದಾರಿ, ಸಡಿಲ ಗರಸು ಮಣ್ಣು, ಎರಡೂ ಕಡೆ ಗುಂಡುಗಲ್ಲು. ಗೆಳೆಯನಿಗೆ ಒಂದೇ ಕೆಲಸ ಹೇಳಿದೆ.

"ನನ್ನ ಹಿಂದೆ ಬಾ. ನನ್ನ ಕೈ ನೋಡು. ಬೇರೆ ಏನೂ ನೋಡಬೇಡ."

"ಆತು. ಕೈ ನೋಡತೀನಿ, ಕಾಲು ನೋಡತೀನಿ, ಬೇಕಂದ್ರ ಜಾತಕಾನೂ ನೋಡತೀನಿ. ನಡಿ ಇನ್ನ."

ಇಳಿದೆ. ಮೊದಲ ತುಂಡು ಚೆನ್ನಾಗಿ ನೆನಪಿದೆ: ಅಂಗೈಯಡಿಯ ರಬ್ಬರು, ಬ್ರೇಕಿನ ಮೇಲಿನ ಎರಡು ಬೆರಳು, ಗರಸು ಹಿಂದಕ್ಕೆ ಸಿಡಿಯುವ ಸದ್ದು. ಸೀತಾಫಲದ ಗಿಡಗಳು ಬಂದವು. ತಿರುವು ಬಂತು. ಗಾಲಿ ಒಂದು ಕಲ್ಲಿಗೆ ತಾಗಿ ಪುಟಿಯಿತು. ಆಮೇಲಿನ ನೆನಪು ಕೆಳಗಿನ ಜಾಲಿ ಗಿಡ. ಅದರ ನೆರಳಿನಲ್ಲಿ ಸೈಕಲ್ ಮೇಲೆ ಕೂತೇ ಇದ್ದೆ, ಒಂದು ಕಾಲು ನೆಲಕ್ಕೆ ಊರಿತ್ತು. ಬಿದ್ದಿರಲಿಲ್ಲ. ಎಲ್ಲೂ ನೋವಿರಲಿಲ್ಲ. ಆದರೆ ಕಲ್ಲಿನಿಂದ ಗಿಡದವರೆಗಿನ ದಾರಿ ನನ್ನ ತಲೆಯಲ್ಲಿ ಇರಲಿಲ್ಲ. ಹ್ಯಾಂಡಲ್ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಗೆಳೆಯ ಬಹಳ ಹೊತ್ತಿನ ಮೇಲೆ ಬಂದ. ಮುಖ ಬಿಳುಪಾಗಿತ್ತು. ಸೈಕಲ್ ನೆಲಕ್ಕೆ ಚೆಲ್ಲಿ ಕೂತ.

"ಬಿಟ್ಟೆನಾ?" ಅಂತ ಕೇಳಿದೆ.

"ಏನು?"

"ಕೈ. ಆ ಕಲ್ಲಿನ ಹತ್ತಿರ."

"ನೋಡಲಿಲ್ಲೋ," ಅಂದ. "ನನ್ನ ಗಾಲಿ ನೋಡಿಕೊಳ್ಳೋದೇ ಸಾಕಾಗಿತ್ತು. ಅಲ್ಲಿ ಯಾರು ತಲಿ ಎತ್ತತಾರ?"

ತಾನು ಹೇಳಿದ್ದರ ಅರ್ಥ ಅವನಿಗೂ ಹೊಳೆಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

"ಹಾಗಾದರೆ ಅವತ್ತು?" ಅಂದೆ.

"ಅವತ್ತು..." ಅವನು ಗರಸಿನಲ್ಲಿ ಬೆರಳಾಡಿಸಿದ. "ಸಪ್ಪಳ ಆತು. ತಲಿ ಎತ್ತಿದೆ. ಎತ್ತಿದಾಗ ನೀ ಗಾಳ್ಯಾಗಿದ್ದಿ. ಎರಡೂ ಕೈ ಮ್ಯಾಲಿದ್ದವು."

"ಸಪ್ಪಳ ಮೊದಲಾ?"

"ಮೊದಲು. ಹೌದು, ಮೊದಲ ಸಪ್ಪಳ." ನನ್ನ ಮುಖ ನೋಡಿ, "ಅಂತ ಅನಸ್ತದ," ಅಂದ.

ಸದ್ದು ಮೊದಲಾದರೆ ನಾನು ಹಾರಿಬಿದ್ದ ಮೇಲೆ ಕೈ ಬಿಟ್ಟದ್ದು. ಗಾಳಿಯಲ್ಲಿದ್ದವನು ಹ್ಯಾಂಡಲ್ ಹಿಡಿದಿರಲು ಸಾಧ್ಯವೇ ಇಲ್ಲ. ಇದನ್ನು ಕೇಳಿ ಹಗುರಾಗಬೇಕಿತ್ತು. ಆದರೆ ನಾನು ಕೇಳಿದ ಧಾಟಿಯಲ್ಲೇ ಉತ್ತರ ಇತ್ತು, ಅವನು ನನ್ನ ಮೇಲಿನ ಪ್ರೀತಿಗೆ ಹೌದು ಅಂದಿರಬಹುದು. ಇನ್ನೊಮ್ಮೆ ಕೇಳಿದರೆ ಇನ್ನಷ್ಟು ಗಟ್ಟಿಯಾಗಿ ಹೌದು ಅನ್ನುತ್ತಿದ್ದ. ಕೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ: ಸೇತುವೆ, ಲಾರಿ, ಕೈ ಬಿಟ್ಟೀತು ಎನ್ನುವ ಹೆದರಿಕೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಹೆಗಲ ನೋವು ಅಂತ ನೀವು ಅಂದದ್ದು ನಾ ನಂಬೀನಿ ಅಂತ ತಿಳದೀರೇನು?" ಅಂದಳು. "ಅದೇ ಹೆಗಲ ಮ್ಯಾಲ ಸಿಲಿಂಡರ್ ಹೊತ್ತು ತಂದ್ರೆಲ್ಲ. ನನ್ನ ಕೂಡ ಬರಾಕ ಬ್ಯಾಸರ ಆಗ್ಯದ ಅನಕೊಂಡಿದ್ದೆ."

"ಈಗಲೂ ಖಾತ್ರಿಯಿಲ್ಲ," ಅಂದೆ. "ಗುಡ್ಡದಲ್ಲಿ ಇವತ್ತೂ ಒಂದು ತುಂಡು ನೆನಪಿಲ್ಲ."

ಅವಳು ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಅವಳಿಗೂ ಹೆದರಿಕೆಯಾಗಿತ್ತು, ಅದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವಳು ಟಂಟಂ ನಿಲ್ಲುವ ಕಡೆ ಹೋಗಲಿಲ್ಲ. ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಮೋಟಾರ್ ಸೈಕಲಿನ ಹತ್ತಿರ ಬಂದು ನಿಂತಳು. ಈ ಸಲ ಎರಡೂ ಕಡೆ ಕಾಲು ಹಾಕಿ ಕೂತಳು. ಫೋನು ಚೀಲದಲ್ಲಿತ್ತು. ಕಾಲುವೆಯ ಸೇತುವೆ ಬಂತು. ಎದುರಿಗೆ ಟಿಪ್ಪರ್ ಬರುತ್ತಿತ್ತು. ನಾನು ನನ್ನ ಕೈ ನೋಡಿದೆ.

"ರಸ್ತಾ ನೋಡ್ರಿ," ಅಂದಳು ಕಿವಿಯ ಹತ್ತಿರ. "ಕೈ ನಾ ನೋಡಾಕತ್ತೇನಿ."