ಫೋಟೋ ಚಾಚಾನ ಕರಿ ಕೋಟು

ಆತನ ಬಲಗೈಯ ಮೂರು ಬೆರಳಿನ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಮೊದಲ ದಿನ ಅದೇ ಬೆರಳುಗಳಿಂದ ಚಹಾದ ಬಸಿ ಮುಂದೆ ಹಿಡಿದಾಗ, ತಂಬಾಕಿನ ಚಟ ಜೋರಿರಬೇಕು ಎಂದುಕೊಂಡೆ. ಅದು ಫೋಟೋ ತೊಳೆಯುವ ಔಷಧಿಯ ಕಲೆ ಎಂದು ಆಮೇಲೆ ತಿಳಿಯಿತು. ಚಾಚಾನ ಮೇಲೆ ನಾನು ಪಟ್ಟ ಮೊದಲ ಅನುಮಾನ ಅದು. ಅಲ್ಲಿಗೇ ನಿಂತಿದ್ದರೆ ಎಷ್ಟು ಚಲೋ ಇತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಜೇವರ್ಗಿಗೆ ಕಿರಿಯ ಇಂಜಿನಿಯರಾಗಿ ಹೊಸದಾಗಿ ಬಂದಿದ್ದೆ. ಬಜಾರಿನ ರಸ್ತೆ ಅಗಲವಾಗುತ್ತಿತ್ತು, ನೆಲೋಗಿ ಕಡೆಯ ಹಳ್ಳಕ್ಕೆ ಸೇತುವೆ ಏಳುತ್ತಿತ್ತು. ಎರಡರ ಫೋಟೋ ಕೆಲಸವೂ ಬಸ್ ಸ್ಟ್ಯಾಂಡ್ ಬಾಜೂ ಸ್ಟುಡಿಯೋ ಇಟ್ಟಿದ್ದ ಚಾಚಾನದೇ. ನನ್ನದೋ ಹುಟ್ಟಾ ಅನುಮಾನದ ಬುದ್ಧಿ. ಉಸುಕನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದೆ. ಗುತ್ತೇದಾರ ನಕ್ಕು ಮಾತಾಡಿದ ದಿನ ಎಲ್ಲವನ್ನೂ ಎರಡೆರಡು ಸಲ ಅಳೆಯುತ್ತಿದ್ದೆ.

ಸೇತುವೆಯ ಕಂಬದ ಅಡಿಪಾಯಕ್ಕೆ ತೋಡಿದ ತೆಗ್ಗು ಕಾಂಕ್ರೀಟು ಬಿದ್ದ ಮೇಲೆ ಯಾರ ಕಣ್ಣಿಗೂ ಕಾಣದು. ಅದಕ್ಕೇ ಮೊದಲು ಫೋಟೋ ತೆಗೆಸಿ ಫೈಲಿಗೆ ಹಚ್ಚಬೇಕಿತ್ತು. ತೆಗ್ಗಿನ ತಳದಲ್ಲಿ ಕೂಲಿಯವನೊಬ್ಬ ಒಂದು ಕೈಯಲ್ಲಿ ಅಳತೆಗೋಲು, ಇನ್ನೊಂದರಲ್ಲಿ ಕಂಬದ ನಂಬರು ಬರೆದ ಪಾಟಿ ಹಿಡಿದು ನಿಲ್ಲುತ್ತಿದ್ದ. ಮೊದಲೆರಡು ತೆಗ್ಗು ನಾನು ಬರುವ ಮುಂಚೆಯೇ ತುಂಬಿದ್ದವು.

ತಂಗಿಯ ಮದುವೆಗೆಂದು ನಾಲ್ಕು ದಿನ ನರೋಣಾಕ್ಕೆ ಹೋಗಿ ಬರುವಷ್ಟರಲ್ಲಿ ಮೂರನೆಯ ಮತ್ತು ನಾಲ್ಕನೆಯ ತೆಗ್ಗು ತುಂಬಿಬಿಟ್ಟಿದ್ದರು. ನನ್ನ ಮೇಜಿನ ಮೇಲೆ ಎರಡು ಫೋಟೋ ಇದ್ದವು. ಅದೇ ಎರೆಮಣ್ಣಿನ ಗೋಡೆ, ಅದೇ ಎರಡನೇ ಗುಂಡಿ ಕಿತ್ತುಹೋದ ಕರಿ ಕೋಟು, ತಲೆಗೆ ರುಮಾಲು, ಬಗ್ಗಿಸಿದ ಮುಖ. ಪಾಟಿಯ ಮೇಲಿನ ನಂಬರು ಮಾತ್ರ ಬೇರೆ. ಒಂದೇ ತೆಗ್ಗಿಗೆ ಎರಡು ಸಲ ಫೋಟೋ ತೆಗೆದಿದ್ದಾರೆ, ಇನ್ನೊಂದು ಕಂಬದ ಬುಡ ಬರೀ ಮಣ್ಣಿನ ಮೇಲಿದೆ ಎಂದು ನನಗೆ ಖಾತ್ರಿಯಾಯಿತು. ಸಹಿ ಹಾಕಿದ ಮೇಲೆ ಹಳ್ಳ ಬಂದು ಕಂಬ ಕುಸಿದರೆ? ಬಸ್ಸು ತುಂಬ ಮಂದಿ ಓಡಾಡುವ ದಾರಿ ಅದು.

ಚಾಚಾನನ್ನು ಕಚೇರಿಗೆ ಕರೆಸಿದೆ. ಗುತ್ತೇದಾರ, ಗುಮಾಸ್ತ, ಜವಾನ ಎಲ್ಲರ ಎದುರಿಗೇ ಗುತ್ತೇದಾರನಿಗೆ ಎಷ್ಟಕ್ಕೆ ಮಾರಿಕೊಂಡಿರಿ ಎಂದು ಕೇಳಿಬಿಟ್ಟೆ.

ಆತ ಫೋಟೋಗಳನ್ನು ಒಮ್ಮೆ ನೋಡಿದ. "ಕೋಟು ನಂದರೀ ಸಾಹೇಬ್ರ, ಸ್ಟುಡಿಯೋದ್ದು. ಮಂದಿ ಬ್ಯಾರೆ ಬ್ಯಾರೆ ಅದಾರ. ಹರಕು ಬನೇನಿನ್ಯಾಗ ಫೋಟೋ ತಗಸ್ಕೊಂಡ್ರ ಮನ್ಯಾಗ ಹ್ಯಾಂಗ ತೋರಸ್ತಾರ್ರಿ?"

ಅಂಗಡಿಗೆ ಹೋಗಿ ನೆಗೆಟಿವ್ ಪಟ್ಟಿ ತಂದು ಕಿಟಕಿಯ ಬೆಳಕಿಗೆ ಹಿಡಿದ. ಪ್ರತಿ ತೆಗ್ಗಿನ ಚಿತ್ರದ ಪಕ್ಕಕ್ಕೇ ಇನ್ನೊಂದು ಚಿತ್ರವಿತ್ತು. ಅದೇ ಕೂಲಿಯವ ಮೇಲೆ ಬಂದು, ಕೋಟಿನ ಕಾಲರು ಸರಿಮಾಡಿಕೊಂಡು, ಎದೆ ಸೆಟೆಸಿ ನಿಂತದ್ದು. ಅದರ ಪ್ರತಿ ಅವನಿಗೆ ಪುಕ್ಕಟೆ. ಹಾಗೆ ಕೊಡುವುದು ಚಾಚಾನ ರಿವಾಜು. ಒಬ್ಬ ಮೀಸೆಯ ಹುಡುಗ, ಇನ್ನೊಬ್ಬ ಬಾಯಿ ಬೊಚ್ಚಾದ ಮುದುಕ.

ನನ್ನ ಹಾಳು ತಲೆ ನೋಡಿ. ಒಂದೇ ತೆಗ್ಗಿನಲ್ಲಿ ಇಬ್ಬರನ್ನು ಇಳಿಸಲು ಬರುವುದಿಲ್ಲವೇ ಎಂದೆ.

"ಹಂಗಾರ ಬಾಜೂಕ ಅಗಸಿ ನೋಡ್ರಿ" ಎಂದಷ್ಟೇ ಹೇಳಿ ಚಾಚಾ ಹೊರಟುಹೋದ.

ಅಗೆಸಿದೆ. ಎರಡೂ ಕಂಬದ ಬದಿಗೆ ಬುಡದವರೆಗೆ ಮಣ್ಣು ತೆಗೆಸಿ, ನಾನೇ ಇಳಿದು ಅಳೆದೆ. ಎರಡೂ ಗಟ್ಟಿ ಬಂಡೆಯ ಮೇಲೆ ಕೂತಿದ್ದವು, ಅಳತೆ ಒಂದು ಬೆರಳೂ ತಪ್ಪಿರಲಿಲ್ಲ. ನಾಚಿಕೆಯಾಯಿತು. ನಾಲ್ಕು ಮಂದಿಯ ಎದುರು ಅಂದವನು ನಾಲ್ಕು ಮಂದಿಯ ಎದುರೇ ತಪ್ಪಾಯಿತು ಅನ್ನಬೇಕಿತ್ತು. ನಾನು ಜವಾನನ ಕೈಲಿ ಅಳತೆ ಬರೋಬರಿ ಇದೆ ಎಂದು ಹೇಳಿ ಕಳಿಸಿದೆ.

ಚಾಚಾ ಕೆಲಸ ಬಿಡಲಿಲ್ಲ. ಆದರೆ ಐದನೆಯ ತೆಗ್ಗಿನಿಂದ ಕೋಟು ತರುವುದನ್ನು ಬಿಟ್ಟ. ಹರಕು ಬನೇನಿನ ಕೂಲಿಯವರು ನಾಚಿಕೊಂಡು ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಲ್ಲತೊಡಗಿದರು. ಪುಕ್ಕಟೆ ಫೋಟೋ ಕೇಳುವವರೂ ಇಲ್ಲವಾದರು. ಒಂದು ದಿನ ನಾನೇ ಅಂಗಡಿಗೆ ಹೋಗಿ ಕೋಟು ತರ್ರಿ ಚಾಚಾ ಎಂದೆ. ಆತ ಚಹಾ ತರಿಸಿದ, ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ನಾಳೆ ಮತ್ತ ನಿಮಗ ಶಕ್ ಬರ್ತದ. ನಿಮಗ ತೆಗ್ಗು ಕಾಣಬೇಕಲ್ರಿ, ಕಾಣಾಕತ್ತದ."

ಅಫಜಲಪುರ, ಆಳಂದ ಎಂದು ವರ್ಗವಾಗುತ್ತ ಹೋದೆ. ಆಳಂದದಲ್ಲಿದ್ದಾಗ ಚಾಚಾ ತೀರಿಕೊಂಡ ಸುದ್ದಿ ಬಂತು. ಮಣ್ಣು ಕೊಡಲು ಹೋಗಬಹುದಿತ್ತು. ಯಾವ ಮುಖ ಇಟ್ಟುಕೊಂಡು ಎಂದು ಹೋಗಲಿಲ್ಲ.

ತೊಂಬತ್ತರ ದಶಕದಲ್ಲಿ ಮತ್ತೆ ಜೇವರ್ಗಿಗೆ ಬಂದೆ. ಸೇತುವೆ ಗಟ್ಟಿಯಾಗಿ ನಿಂತಿತ್ತು. ಒಂದು ಮಧ್ಯಾಹ್ನ ನೆಲೋಗಿ ಕಡೆಯ ಹೆಣ್ಣುಮಗಳೊಬ್ಬಳು ಕಚೇರಿಗೆ ಬಂದಳು. ಗಂಡ ತೀರಿಕೊಂಡು ತಿಂಗಳಾಗಿತ್ತಂತೆ, ಮನೆಯಲ್ಲಿ ಅವನದೊಂದು ಫೋಟೋ ಇಲ್ಲವಂತೆ. "ಬಾಜೂ ಮನಿ ಮುತ್ಯಾಂದು ಕೋಟು ಹಾಕ್ಕೊಂಡಿದ್ದು ಫೋಟೋ ಗ್ವಾಡಿಗಿ ಅದರೀ. ನಮ್ಮವರೂ ಅದ ಹಳ್ಳದ ಪೂಲಿಗಿ ದುಡದಾರ. ಅವರದೂ ನಿಮ್ಮ ಕಡೆ ಇರಬೇಕಲ್ರಿ?"

ಹಳೆಯ ಫೈಲು ತೆಗೆಸಿ ಮುಂದಿಟ್ಟೆ. ಆಕೆ ಒಂದೊಂದೇ ಹಾಳೆ ತಿರುವಿ, ಆರನೆಯ ಕಂಬದ ಫೋಟೋದ ಮೇಲೆ ಬೆರಳಿಟ್ಟಳು. ಬನೇನಿನ ತೂತಿನಿಂದ ಬೆನ್ನು ಕಾಣುತ್ತಿತ್ತು.

"ಇವರೇ ರೀ" ಎಂದಳು. ಮತ್ತೆರಡು ಹಾಳೆ ತಿರುವಿ, "ಮಾರಿ ಕಾಣೂದು ಇಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದಳು.

ಇಲ್ಲವ್ವ ಎಂದೆ. ಯಾಕಿಲ್ಲ ಎಂದು ಹೇಳದೆ ಫೈಲು ಮಡಚಿಟ್ಟೆ.