ಸಲ್ಹಾಳ ಬುದ್ಧಿ ಹಲ್ಲು

ಸ್ಫಾಕ್ಸ್ ಊರಿನಲ್ಲಿ ಮದುಮಗಳಿಗೆ ಮದರಂಗಿ ಹಚ್ಚುವ ಸಂಜೆ ಸಲ್ಹಾಳ ಹಾಡಿನ ಮೇಳ ಬರಲೇಬೇಕು. ಗಂಡ ತೀರಿಕೊಂಡ ಮೇಲೆ ಆ ಕಂಠದಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು ಅವಳು. ಆದರೆ ಇಬ್ತಿಸಾಮ್ ಎಂಬ ಹುಡುಗಿ ಮೇಳಕ್ಕೆ ಸೇರಿದಾಗಿನಿಂದ ಸಲ್ಹಾಳ ಹೊಟ್ಟೆಯಲ್ಲಿ ಕಿಚ್ಚು. ಹುಡುಗಿ ಹಿಂದೆ ಕೂತು ಬರೀ ದನಿಗೂಡಿಸಿದರೂ ಹೆಂಗಸರು ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಸಲ್ಹಾಳ ಕೆಳದವಡೆಯ ಬುದ್ಧಿ ಹಲ್ಲು ನೋಯತೊಡಗಿತು. ಹಲ್ಲು ಅರ್ಧವಷ್ಟೇ ಮೇಲೆ ಬಂದಿತ್ತು. ಅದರ ಮೇಲೆ ಒಸಡು ಮುಚ್ಚಿಕೊಂಡು, ತಿಂದದ್ದೆಲ್ಲ ಅಲ್ಲಿ ಸಿಕ್ಕಿಕೊಂಡು ಕೀವಾಗುತ್ತಿತ್ತು. ಲವಂಗ ಕಚ್ಚಿಕೊಂಡು ದಿನ ದೂಡಿದಳು. ಕೊನೆಗೆ ದಂತವೈದ್ಯೆ ಎಕ್ಸ್‌ರೇ ನೋಡಿ, ಹಲ್ಲು ಅಡ್ಡ ಮಲಗಿದೆ, ಪಕ್ಕದ ಹಲ್ಲನ್ನೂ ಹುಳುಕು ಮಾಡುತ್ತಿದೆ, ಬಾವು ಇಳಿದ ಮೇಲೆ ತೆಗೆಸಿಬಿಡು ಎಂದಳು. ತೆಗೆಸಿದರೆ ಕೆಲವು ದಿನ ಹಾಡುವಂತಿಲ್ಲ ಎಂದದ್ದೇ ತಡ, ಸಲ್ಹಾ ಎದ್ದು ಬಂದಳು. ಮದುವೆಗಳ ಕಾಲ ಅದು. ತನ್ನ ಜಾಗದಲ್ಲಿ ಇಬ್ತಿಸಾಮ್ ಕೂರುವುದನ್ನು ನೆನೆದರೆ ಹಲ್ಲುನೋವೇ ವಾಸಿ ಎನಿಸಿತು.

ಮಾತ್ರೆಗೆ ಇಳಿದ ಬಾವು ಮತ್ತೆ ಏರಿತು. ಮೀನು ವ್ಯಾಪಾರಿಯೊಬ್ಬನ ಮಗಳ ಮದುವೆಯ ಮನೆಯಲ್ಲಿ ಸಲ್ಹಾಳ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ.

"ಅಕ್ಕ, ನಾನು ಶುರು ಮಾಡ್ಲಾ?" ಎಂದು ಇಬ್ತಿಸಾಮ್ ಪಿಸುಗುಟ್ಟಿದಳು.

ಸಲ್ಹಾ ದರ್ಬುಕಾ ಎಂಬ ಚರ್ಮವಾದ್ಯವನ್ನು ತೊಡೆಗೆಳೆದುಕೊಂಡು ಬಡಿಯತೊಡಗಿದಳು. ಹುಡುಗಿ ಹಾಡಿದಳು. ಹಾಡು ಏರುತ್ತಿದ್ದಂತೆ ಸಲ್ಹಾಳಿಗೆ ತಡೆಯಲಾಗಲಿಲ್ಲ. ಹುಡುಗಿ ಎಡವಲಿ ಎಂದೇ ತಾಳವನ್ನು ಓಡಿಸಿದಳು. ಇಬ್ತಿಸಾಮ್ ಒಮ್ಮೆ ಉಸಿರು ಸಿಕ್ಕಿಕೊಂಡವಳಂತಾಗಿ, ಮರುಕ್ಷಣ ತಾಳ ಹಿಡಿದುಬಿಟ್ಟಳು. ಅದೂ ಹಾಡಿನ ಚಮತ್ಕಾರವೆಂದುಕೊಂಡ ಹೆಂಗಸರು ಕೇಕೆ ಹಾಕಿದರು.

"ಇಷ್ಟು ದಿನ ಈ ಹುಡುಗೀನ ಎಲ್ಲಿ ಬಚ್ಚಿಟ್ಟಿದ್ಯೇ, ಸಲ್ಹಾ?" ಎಂದಳು ಮದುಮಗಳ ಅಜ್ಜಿ.

ಹೆದರಿದ್ದೇ ಆಗಿಹೋದ ಮೇಲೆ ಇನ್ನೇನೆಂದು ಮರುದಿನವೇ ಸಲ್ಹಾ ವೈದ್ಯೆಯ ಬಳಿಗೆ ಹೋದಳು. ಬಾವು ಇಳಿಯುವವರೆಗೂ ಕಾದು, ಒಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆದರು. ಕೆನ್ನೆ ಊದಿಸಿಕೊಂಡು ಮಲಗಿದ್ದವಳಿಗೆ ಇಬ್ತಿಸಾಮ್ ಬಾರ್ಲಿ ಗಂಜಿ ತಂದಳು.

"ಅವತ್ತು ತಾಳ ಓಡಿಸಿದ್ದು ಬೇಕಂತ್ಲೇ ಅಲ್ವಾ ಅಕ್ಕ?"

ಬಾಯಲ್ಲಿ ಹತ್ತಿಯಿತ್ತು. ಅಲ್ಲವೆಂದು ತಲೆ ಅಲ್ಲಾಡಿಸಬಹುದಿತ್ತು; ಆದರೂ ಸಲ್ಹಾ ಹೌದೆಂದು ತಲೆಯಾಡಿಸಿದಳು.

"ನಂಗೆ ಆಗ್ಲೇ ಗೊತ್ತಾಯ್ತು. ಸತ್ತೇ ಹೋದೆ ಅಂದ್ಕೊಂಡೆ" ಎಂದು ಹುಡುಗಿ ನಕ್ಕಳು. "ಗಂಜಿ ಆರಿದೆ, ಹತ್ತಿ ತೆಗೆದು ನಿಧಾನಕ್ಕೆ ಕುಡಿ."

ಈಗ ಮೇಳದಲ್ಲಿ ಇಬ್ಬರೂ ಮುಂದೆ ಕೂರುತ್ತಾರೆ. ಹುಡುಗಿಯನ್ನು ಯಾರಾದರೂ ಹೊಗಳಿದರೆ ಸಲ್ಹಾಳಿಗೆ ಇಂದಿಗೂ ಎದೆ ಚುರುಕ್ ಎನ್ನುತ್ತದೆ. ತಾಳವನ್ನು ಮಾತ್ರ ಮತ್ತೆಂದೂ ಓಡಿಸಿಲ್ಲ. ಹಾಗೆಂದು ಮದುಮಗಳನ್ನು ಬೀಳ್ಕೊಡುವ ಕೊನೆಯ ಹಾಡನ್ನು ಹುಡುಗಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ.