ಮಗ್ಗುಲು ಬದಲಿಸದ ವಾರ್ಡು

ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ನನ್ನ ಗೆಳೆಯ ಮಂಗಳವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡ. ಕಾರಣ 'ಬೆನ್ನುಹುರಿಗೆ ಪೆಟ್ಟು' ಎಂದು ಬರೆದುಕೊಟ್ಟಿದ್ದಾರೆ. ಸುಳ್ಳು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದು ನಿಜ. ಅವನನ್ನು ಕೊಂದದ್ದು ಹಾಸಿಗೆ ಹುಣ್ಣು.

ಸ್ಪರ್ಶವಿಲ್ಲದ ಮೈಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಚರ್ಮ ಕೊಳೆಯುತ್ತದೆ. ಇದೇನು ಬ್ರಹ್ಮವಿದ್ಯೆಯಲ್ಲ. ಆದರೆ ನಲವತ್ತು ಹಾಸಿಗೆಯ ಮೂಳೆ ವಾರ್ಡಿಗೆ ಇದ್ದವರು ಒಬ್ಬ ನರ್ಸು, ಒಬ್ಬ ಆಯಾ. ಮನೆಯವರೇ ಹೊರಳಿಸೋಣವೆಂದರೆ ನಾಲ್ಕರಿಂದ ಆರರವರೆಗೆ ಮಾತ್ರ ಪ್ರವೇಶ. ಬೆನ್ನುಹುರಿಯ ರೋಗಿಗಳಿಗೆಂದು ಆಸ್ಪತ್ರೆ ಒದಗಿಸಿದ್ದು ಒಂದೇ: ಹೊರಳಿಸಿದಾಗಲೆಲ್ಲ ಒಂದು ಟಿಕ್ ಹಾಕಲೆಂದು ಮಂಚಕ್ಕೆ ನೇತುಹಾಕಿದ ಚಾರ್ಟು. ದಿನಾ ಬೆಳಿಗ್ಗೆ ಅದರಲ್ಲಿ ಹನ್ನೆರಡು ಟಿಕ್‌ಗಳು ಒಂದೇ ಉಸಿರಿಗೆ ಬೀಳುತ್ತಿದ್ದವು.

"ಸಿಸ್ಟರ್, ಹನ್ನೆರಡೂ ಒಂದೇ ಓರೆ, ಒಂದೇ ಬೀಸು. ಬರೆದೇ ಹೊಟ್ಟೆ ಹೊರೆದವನು ನಾನು, ನನ್ನ ಹತ್ರಾನೇ ಈ ಆಟಾನಾ?" ಎಂದು ಗೆಳೆಯ ಒಂದು ದಿನ ನರ್ಸನ್ನು ಕೇಳಿಯೇಬಿಟ್ಟ.

"ನಂಗೇನು ಎಂಟು ಕೈ ಇದೆಯೇನ್ರೀ?"

"ಇರೋ ಎರಡರಲ್ಲಿ ಸುಳ್ಳು ಬರೀಬೇಡಿ. ಖಾಲಿ ಬಿಡಿ. ಜನ ಸಾಲದು ಅಂತ ಮೇಲಿನವರಿಗೆ ಗೊತ್ತಾಗ್ಲಿ."

"ಖಾಲಿ ಬಿಟ್ರೆ ನೋಟಿಸು ಬರೋದು ನನಗೆ."

ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದೇ ಚಾರ್ಟು ಓದಿದರು. "ಎಲ್ಲಾ ಸರಿಯಾಗೇ ಇದೆಯಲ್ಲ!" ಎಂದರು. ಬೆನ್ನು ನೋಡಲಿಲ್ಲ. ಆ ಟಿಕ್‌ಗಳ ಭರವಸೆಯಲ್ಲೇ ಮೇಲಿನವರು ಇನ್ನೊಬ್ಬ ಆಯಾಳನ್ನು ಕೊಡದೆ ವರ್ಷ ತಳ್ಳಿದ್ದಾರೆ.

ಕಳೆದ ವಾರ ಪಕ್ಕದ ಮಂಚಕ್ಕೆ ಲಾರಿ ಡ್ರೈವರೊಬ್ಬ ಬಂದ. ಅವನಿಗೂ ಬೆನ್ನುಹುರಿಯೇ. ಸೋಮವಾರ ಸಂಜೆ ಗೆಳೆಯನಿಗೆ ಜ್ವರ ಏರಿತ್ತು. ನಾನೂ ಅವನ ಅಕ್ಕನೂ ಹೋಗಿದ್ದೆವು. ಅಕ್ಕ ಹೊರಳಿಸಲೆಂದು ಅವನ ಭುಜಕ್ಕೆ ಕೈ ಹಾಕಿದಳು.

"ನನ್ನ ಬಿಡಕ್ಕ. ಪಕ್ಕದ ಆ ಮನುಷ್ಯನ ಬೆನ್ನು ಕೆಂಪಾಗಿದೆಯಂತೆ, ಇನ್ನೂ ಒಡೆದಿಲ್ಲ. ಮೊದಲು ಅವನು."

"ಮೈ ಕೆಂಡ ಆಗಿದೆ, ಊರ ಉಸಾಬರಿ ಬೇಕೇನೋ ನಿಂಗೆ?"

"ಬೇಕು. ನೋಡಮ್ಮಾ," ಎಂದು ಡ್ರೈವರನ ಹೆಂಡತಿಯನ್ನು ಕರೆದ, "ನೀನು ಭುಜ ಹಿಡಿ, ನಮ್ಮಕ್ಕನೂ ಈ ಗೆಳೆಯನೂ ಸೊಂಟ ಹಿಡೀತಾರೆ. ಎಳೀಬೇಡಿ, ದಿಮ್ಮಿ ಥರ ಒಟ್ಟಿಗೆ ಉರುಳಿಸಿ."

ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದ. "ಆರಾಯ್ತು, ಎಲ್ಲರೂ ಹೊರಗೆ!"

"ಬಂದಿದ್ದು ಒಳ್ಳೇದಾಯ್ತು ಮಾರಾಯ, ಕಾಲಿಗೆ ಜನ ಸಾಲದಾಗಿತ್ತು. ಹಿಡಿ!"

ಅವನು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿ ಹಿಡಿದೇಬಿಟ್ಟ. ನನ್ನ ಗೆಳೆಯ ದಿಂಬಿನಿಂದ ತಲೆಯೆತ್ತಿ, ಏದುಸಿರಿನಲ್ಲೇ ಮೂರರವರೆಗೆ ಎಣಿಸಿದ. ಡ್ರೈವರ್ ಮಗ್ಗುಲಾದ.